ಗಾಡಿಯ ನೆರಳಿನಲ್ಲಿ ನಡೆದವರು

ನನ್ನ ತಂಗಿ ಬಸಲಿಂಗವ್ವ ತೀರಿಕೊಂಡ ಸುದ್ದಿ ಬಂದ ದಿನ ಬೆಳಗ್ಗೆ ನಾನು ಪೂಜೆ ಮುಗಿಸಿ ಇದೇ ಮಠದ ಕಟ್ಟೆಯ ಮೇಲೆ ಕುಳಿತಿದ್ದೆ. ಆಕೆಯ ಮಗ ಬಂದ. ಬಂದವನು ಚಪ್ಪಲಿ ಬಿಡಲಿಲ್ಲ, ಮೆಟ್ಟಿಲು ಹತ್ತಲಿಲ್ಲ, ಕೆಳಗೇ ನಿಂತ. 'ಮಾಮಾ, ಅವ್ವ ಇವತ್ತ ಎದ್ದಿಲ್ರಿ' ಎಂದ. ನಾನು ಶಲ್ಯ ಹೊದ್ದುಕೊಂಡು ಅವನ ಜೊತೆ ನಡೆದೆ.

ಇಂದು ಆಕೆಯ ಶಿವಗಣಾರಾಧನೆಗೆ ನೀವೆಲ್ಲ ಬಂದಿದ್ದೀರಿ. ಆಕೆಯ ಗುಣಗಳನ್ನು ಕುರಿತು ನಾಲ್ಕು ಮಾತು ಆಡಬೇಕೆಂದು ಹಿರಿಯರು ಹೇಳಿದರು. ಒಡಹುಟ್ಟಿದವಳನ್ನು ಅಣ್ಣನೇ ಹೊಗಳುವುದು ಸರಿಯಲ್ಲ. ಆಕೆ ವರ್ಷವೂ ಶ್ರೀಶೈಲಕ್ಕೆ ನಡೆದು ಹೋಗುತ್ತಿದ್ದವಳು ಎಂಬುದು ನಿಮಗೆ ಗೊತ್ತಿದೆ. ತಿರುಗಿ ಬಂದಾಗ ಕಾಲು ನೋಯುತ್ತದೆ ಎಂದವಳಲ್ಲ. ದಾರಿಯ ಗಾಡಿಗಳ ಹೊಗೆಯ ಮಾತನ್ನು ಮಾತ್ರ ಹೇಳುತ್ತಿದ್ದಳು. ಆ ಮಾತಿಗೆ ಹೊಂದುವ ಒಂದು ದೃಷ್ಟಾಂತ ಹೇಳುತ್ತೇನೆ, ಕೇಳಿ.

ಒಂದು ಊರು. ಆ ಊರಿನಲ್ಲಿ ಒಬ್ಬ ಶ್ರೀಮಂತ. ಕೆಟ್ಟವನಲ್ಲ, ನೋಡಿ. ಕೆಟ್ಟವನ ಕಥೆಯಾಗಿದ್ದರೆ ನಿಮಗೆ ಹೇಳುವ ಅಗತ್ಯವೇ ಇರಲಿಲ್ಲ. ಯುಗಾದಿಗೆ ಮುಂಚೆ ಊರಿನ ಪಾದಯಾತ್ರಿಗಳು ಹೊರಟಾಗ ಅವರಿಗೆ ಕುಡಿಯುವ ನೀರು, ಹಣ್ಣುಹಂಪಲು ಹೊತ್ತ ತನ್ನ ವ್ಯಾನನ್ನು ಆತ ಪ್ರತಿ ವರ್ಷ ಹೊರಡಿಸುತ್ತಿದ್ದ. ಡ್ರೈವರನನ್ನು ಇಡುತ್ತಿರಲಿಲ್ಲ. ಸೇವೆ ಎಂದರೆ ಕೈಯಾರೆ ಮಾಡಬೇಕು ಎಂದು ತಾನೇ ಓಡಿಸುತ್ತಿದ್ದ.

ಆ ವರ್ಷ ಅವನ ತಾಯಿಯೂ ಹೊರಟು ನಿಂತಳು. ಮೊಮ್ಮಗಳ ಆಪರೇಷನ್ ಸುಸೂತ್ರವಾದರೆ ನಡೆದು ಬರುತ್ತೇನೆಂದು ಶ್ರೀಶೈಲದ ಮಲ್ಲಯ್ಯನಿಗೆ ಹರಕೆ ಹೊತ್ತಿದ್ದಳು. ಮಗು ಚೇತರಿಸಿಕೊಂಡಿತ್ತು. ಮುದುಕಿಗೆ ಹಿಂದೆ ಉಬ್ಬಸವಿತ್ತು, ಈಗ ಕಡಿಮೆಯಾಗಿತ್ತು. ತನ್ನ ಕಾಲಿನಿಂದಲೇ ನಡೆದು ಹೋಗಿ ದೇವರ ಮುಖ ನೋಡಬೇಕು, ಅದೊಂದೇ ಆಕೆಯ ಆಸೆ.

ಯಾತ್ರೆಗೆ ಸ್ವಲ್ಪ ಮುಂಚೆ ಆ ವ್ಯಾನಿನ ಹೊಟ್ಟೆಗೆ ಕಲ್ಲು ಬಡಿದು ಒಂದು ಭಾಗ ಒಡೆಯಿತು. ಎಂಜಿನ್ನಿಗೂ ಸೈಲೆನ್ಸರಿಗೂ ನಡುವೆ ಒಂದು ತಗಡಿನ ಡಬ್ಬಿ ಇರುತ್ತದೆ. ಕ್ಯಾಟಲಿಟಿಕ್ ಕನ್ವರ್ಟರ್ ಎನ್ನುತ್ತಾರೆ. ಅದರೊಳಗೆ ಜೇನುಹುಟ್ಟಿನಂತೆ ಸಣ್ಣ ಸಣ್ಣ ರಂಧ್ರಗಳ ಒಂದು ಗಟ್ಟಿ ಇರುತ್ತದೆ. ಎಂಜಿನ್ನಿನ ವಿಷಗಾಳಿ ಆ ರಂಧ್ರಗಳನ್ನು ಹಾದು ಬರುವಾಗ ಅದರ ವಿಷ ಬಹುಪಾಲು ಕಳೆಯುತ್ತದೆ. ಓಡಿಸುವವನಿಗೆ ಅದರಿಂದ ಏನು ಲಾಭ? ಏನೂ ಇಲ್ಲ. ಅದು ಇರುವುದೇ ಹಿಂದೆ ಇರುವವರಿಗಾಗಿ. ಇದನ್ನು ಚೆನ್ನಾಗಿ ನೆನಪಿಡಿ, ಅದು ಇರುವುದೇ ಹಿಂದೆ ಇರುವವರಿಗಾಗಿ.

ಗ್ಯಾರೇಜಿನವನು ಮೂರು ದಾರಿ ಹೇಳಿದ. ಗಾಡಿಯ ಕಂಪನಿಯದೇ ಹಾಕಬಹುದು. ಬೇರೆಯವರು ಮಾಡಿದ್ದೂ ಆದೀತು, ಆದರೆ ಆ ಮಾಡಲಿನ ಗಾಡಿಗೆಂದು ಸರ್ಕಾರದ ಪರೀಕ್ಷೆಯಲ್ಲಿ ಪಾಸಾದ ನಂಬರು ಅದರ ಮೇಲೆ ಒತ್ತಿರಬೇಕು. ಮೂರನೆಯದು ಖಾಲಿ ಡಬ್ಬಿ. ಹೊರಗೆ ಅದೇ ಆಕಾರ, ಒಳಗೆ ಏನೂ ಇಲ್ಲ.

'ಖಾಲೀದ್ ಹಾಕಿದ್ರ ನಿಮ್ಮ ಹೆಸರ ಕೆಡತೈತ್ರಿ ಸಾಹುಕಾರ್ರ' ಎಂದು ಗ್ಯಾರೇಜಿನವನು ನಕ್ಕ.

'ಗಾಡಿ ಬುಡಕ ಬಗ್ಗಿ ನೋಡಾವ್ರ ಯಾರೋ?' ಎಂದ ಶ್ರೀಮಂತ.

ಅವನಿಗೆ ದುಡ್ಡಿಗೆ ಬರವೇ? ಇರಲಿಲ್ಲ. ಆದರೂ ಖಾಲಿ ಡಬ್ಬಿಯನ್ನೇ ಹಾಕಿಸಿ, ಉಳಿದ ದುಡ್ಡಿನಲ್ಲಿ ವ್ಯಾನಿನ ಮುಂಭಾಗಕ್ಕೆ ಮಲ್ಲಯ್ಯನ ದೊಡ್ಡ ಪಟ, ಸೇವಂತಿಗೆ ಹಾರ, ಬಣ್ಣದ ದೀಪ ಕಟ್ಟಿಸಿದ. ಹೊಗೆ ತಪಾಸಣೆಯ ಪತ್ರವನ್ನು ಗುರುತಿನವನೊಬ್ಬನಿಂದ ಗಾಡಿ ತೋರಿಸದೆಯೇ ತರಿಸಿದ. ಬಂದವರೆಲ್ಲ ಮುಂಭಾಗ ನೋಡಿ ಕೈಮುಗಿದರು.

ಯಾತ್ರೆ ಹೊರಟಿತು. ಶ್ರೀಶೈಲದ ದಾರಿ ಪೂರ್ವಕ್ಕೆ. ಬೆಳಗಿನ ಬಿಸಿಲು ಎದುರಿನಿಂದ ಬರುವುದರಿಂದ ಮುಂದೆ ಹೋಗುವ ಗಾಡಿಯ ನೆರಳು ಹಿಂದಕ್ಕೆ ಬೀಳುತ್ತದೆ. ಆ ಬೇಸಿಗೆಯಲ್ಲಿ ಅಷ್ಟು ನೆರಳು ಸಿಕ್ಕರೆ ಪುಣ್ಯ. ಹಾಗೆಂದು ಹಣ್ಣುಹಣ್ಣು ಮುದುಕಿಯರಿಗೆಲ್ಲ ಆತ ವ್ಯಾನಿನ ಹಿಂದೆ ಅಂಟಿಕೊಂಡೇ ನಡೆಯಲು ಹೇಳಿದ. ಹೆತ್ತ ತಾಯಿಯನ್ನು ಎಲ್ಲರಿಗಿಂತ ಮುಂದೆ, ನೆರಳು ದಟ್ಟವಾಗಿದ್ದ ಕಡೆ ನಿಲ್ಲಿಸಿದ. ಪ್ರೀತಿಯಿಂದಲೇ ನಿಲ್ಲಿಸಿದ, ನೋಡಿ. ತಾನು ಮುಂದೆ ಕುಳಿತು ಕಾಲುನಡಿಗೆಯ ವೇಗದಲ್ಲಿ ಗಾಡಿ ಬಿಟ್ಟ.

ಮೊದಲು ಮುದುಕಿಯರ ಕಣ್ಣು ಉರಿಯಿತು. ಆಮೇಲೆ ತಲೆ ಸಿಡಿಯಿತು. ಒಬ್ಬಿಬ್ಬರು ವಾಂತಿ ಮಾಡಿಕೊಂಡರು. ಬಿಸಿಲಿಗೆ ಹಾಗಾಗುತ್ತದೆ ಎಂದು ಶ್ರೀಮಂತ ನಿಂಬೆಹಣ್ಣಿನ ಶರಬತ್ತು ಹಂಚಿದ. ಬಾಯಿ ಜೋರಿನ ಒಬ್ಬ ಮುದುಕಿ ಲೋಟ ತೆಗೆದುಕೊಳ್ಳುತ್ತ, 'ಈ ಗಾಡಿ ನೀರ ಕೊಟ್ಟು ಉಸಿರ ಕಸಗೊಳ್ಳಾಕ ಬಂದೈತಿ' ಎಂದಳು. ಎಲ್ಲರೂ ನಕ್ಕರು. ಅವನೂ ನಕ್ಕ.

ಮಾರನೆಯ ದಿನ ಅವನ ತಾಯಿ ರಸ್ತೆಯ ಅಂಚಿನಲ್ಲಿ ಕುಸಿದು ಕುಳಿತಳು. ಉಬ್ಬಸ ಮರುಕಳಿಸಿತ್ತು. ವಯಸ್ಸಾಯಿತು, ತನ್ನ ಭಕ್ತಿ ಸಾಲದೆ ಹೋಯಿತು ಎಂದು ಎಳೆದ ಉಸಿರಿನ ನಡುವೆ ತನ್ನನ್ನೇ ಬೈದುಕೊಂಡಳು. ಆ ಊರಿನವರಲ್ಲಿ ಒಂದು ರೂಢಿಯಿತ್ತು. ಹರಕೆ ಹೊತ್ತವರು ದಾರಿಯಲ್ಲಿ ಸೋತರೆ ಹೊಟ್ಟೆಯಲ್ಲಿ ಹುಟ್ಟಿದವರು ಅವರದೇ ಜಾಗದಲ್ಲಿ ನಿಂತು ಉಳಿದ ದಾರಿ ನಡೆಯಬೇಕು. ಹಿರಿಯರು ತಾಯಿಯನ್ನು ವ್ಯಾನಿನ ಮುಂದಿನ ಸೀಟಿನಲ್ಲಿ ಕೂರಿಸಿದರು. ಗಾಡಿಯನ್ನು ಮತ್ತೊಬ್ಬನ ಕೈಗೆ ಕೊಟ್ಟರು. ಶ್ರೀಮಂತ ಚಪ್ಪಲಿ ಬಿಟ್ಟು ತನ್ನ ಗಾಡಿಯ ಹಿಂದೆ, ತಾಯಿ ನಡೆದ ನೆರಳಿನಲ್ಲಿ ನಡೆದ.

ಎಷ್ಟು ದೂರ ನಡೆದಾನು? ಕಣ್ಣಲ್ಲಿ ನೀರು ಬಂತು, ಕೆಮ್ಮು ಹತ್ತಿತು, ಹಣೆಯೊಳಗೆ ಸುತ್ತಿಗೆಯಿಂದ ಬಡಿದಂತಾಯಿತು. ಮೆಲ್ಲಗೆ ಪಕ್ಕಕ್ಕೆ ಸರಿದು ಬಿಸಿಲಿಗೆ ಬಂದ.

'ಯಾಕ್ರಿ ಸಾಹುಕಾರ್ರ, ನೆರಳ ಸಾಕಾತೇನ?' ಎಂದಳು ಅದೇ ಮುದುಕಿ.

ಅವನು ಓಡಿ ಮುಂದಕ್ಕೆ ಹೋದ. ತಾಯಿ ಕಿಟಕಿಗೆ ತಲೆಯಾನಿಸಿ ಕುಳಿತಿದ್ದಳು. ಉಸಿರು ಸ್ವಲ್ಪ ಹದಕ್ಕೆ ಬಂದಿತ್ತು. ಮಗನ ಮುಖ ನೋಡಿ ಅವನಿಗೇ ಸಮಾಧಾನ ಹೇಳಿದಳು.

'ಇಲ್ಲಿ ಗಾಳಿ ಛಲೋ ಐತೋ ತಮ್ಮಾ. ನೀ ಇಲ್ಲೇ ಕುಂತಿದ್ದೆಲ್ಲ, ಹಿಂದಿಂದು ನಿನಗ ಹ್ಯಾಂಗ ಗೊತ್ತಾಗಬೇಕು?'

'ಅವ್ವಾ, ನನಗ ಗೊತ್ತಿತ್ತು' ಎಂದ ಮಗ.

ಅವನು ಎಲ್ಲವನ್ನೂ ಹೇಳಿದ. ತಾಯಿ ಕಿಟಕಿಯಿಂದ ತಲೆಯೆತ್ತಿ ಹಿಂದೆ ನಡೆಯುತ್ತಿದ್ದ ಮುದುಕಿಯರ ಕಡೆ ನೋಡಿದಳು. ಆಮೇಲೆ, 'ಹಂಗಾರ ಗಾಡಿ ನಿಲ್ಲಸು' ಎಂದಳು. ಬೈಯಲಿಲ್ಲ. ಬೈದಿದ್ದರೆ ಅವನಿಗೆ ಹಗುರವಾಗುತ್ತಿತ್ತು.

ಜನರನ್ನು ಒಂದು ಛತ್ರದಲ್ಲಿ ಇಳಿಸಿ ವ್ಯಾನನ್ನು ಪಟ್ಟಣಕ್ಕೆ ಕಳಿಸಿ, ಆ ಗಾಡಿಗೆ ಸಲ್ಲುವ, ಪಾಸಾದ ನಂಬರಿನ ಹೊಸ ಕನ್ವರ್ಟರನ್ನೇ ಹಾಕಿಸಿದರು. ಗಾಡಿ ಬರುವವರೆಗೆ ಎಲ್ಲರಿಗೂ ಬಾವಿಯಿಂದ ನೀರು ಹೊತ್ತವನು ಅವನೇ. ತಾಯಿ ಶ್ರೀಶೈಲ ಮುಟ್ಟಿದಳೇ ಎಂದು ನೀವು ಕೇಳುತ್ತೀರಿ. ಮುಟ್ಟಿದಳು, ಗಾಡಿಯಲ್ಲಿ ಕುಳಿತು. ಹರಕೆ ಮಗನ ಕಾಲಿನಿಂದ ತೀರಿತು. ಆದರೆ ಆಕೆ ತನ್ನ ಕಾಲಿನಿಂದ ನಡೆದು ಹೋಗಿ ಆ ಮುಖ ನೋಡಬೇಕೆಂದಿದ್ದಳು. ಅದನ್ನು ಯಾವ ಹೊಸ ಡಬ್ಬಿಯೂ ತಂದುಕೊಡಲಿಲ್ಲ.

ಈಗ ನಿಮ್ಮ ಮಾತಿಗೆ ಬರೋಣ. ಮಠದ ಹೊರಗೆ ನಿಮ್ಮ ಗಾಡಿಗಳು ನಿಂತಿವೆ. ಎಲ್ಲದರ ಮುಂದೆಯೂ ದೇವರಿದ್ದಾನೆ, ನಾನು ನೋಡಿಕೊಂಡೇ ಬಂದೆ. ಹಿಂದೆ ಏನು ಹೊರಡುತ್ತದೆ ಎಂದು ನಿಮ್ಮಲ್ಲಿ ಎಷ್ಟು ಜನ ನೋಡಿದ್ದೀರಿ? ನಾವು ಬಿಟ್ಟ ಹೊಗೆಯನ್ನು ನಾವು ಕುಡಿಯುವುದಿಲ್ಲ. ಕುಡಿಯುವವರು ಸೈಕಲ್ಲಿನ ಮಕ್ಕಳು, ತಳ್ಳುಗಾಡಿಯವರು, ಬಸ್ಸಿಗೆ ಕಾಯುವ ಬಸುರಿಯರು. ಅವರು ಯಾರ ಮನೆಯವರು? ಆ ಭಾಗ ಕೆಟ್ಟಾಗ ಯಾವುದು ಅಗ್ಗ ಎಂದು ಕೇಳಬೇಡಿ, ನನ್ನ ಗಾಡಿಗೆ ಪಾಸಾದದ್ದು ಯಾವುದು ಎಂದು ಕೇಳಿ, ನಂಬರನ್ನು ಕಣ್ಣಾರೆ ನೋಡಿ ಹಾಕಿಸಿ. ಹೊಗೆಯ ತಪಾಸಣೆಗೆ ಪತ್ರವನ್ನಲ್ಲ, ಗಾಡಿಯನ್ನು ಕಳಿಸಿ. ಶಾಲೆಯ ಬಾಗಿಲಲ್ಲಿ ಎಂಜಿನ್ ಆರಿಸಿ ಕಾಯಿರಿ. ಮನೆಯಲ್ಲಿ ಆಡುವ ಮಾತು, ಅಂಗಡಿಯಲ್ಲಿ ಹಿಡಿಯುವ ತಕ್ಕಡಿ, ಅಲ್ಲಿಯೂ ಹಿಂದೆ ನಿಂತವರು ಯಾರೆಂದು ಒಮ್ಮೆ ತಿರುಗಿ ನೋಡಿ. ನಾಳೆಯಿಂದ ಬೇಡ, ಇಲ್ಲಿಂದ ಹೊರಡುವಾಗಲೇ ನೋಡಿ.

ಇನ್ನು ಎಲ್ಲರೂ ಎದ್ದು ನಿಂತು ಕೈಮುಗಿಯಿರಿ.

ಮಲ್ಲಯ್ಯಾ, ಬಸಲಿಂಗವ್ವ ನಿನ್ನ ದಾರಿಯಲ್ಲಿ ಬಹಳ ನಡೆದಿದ್ದಾಳೆ. ಆಕೆಗೆ ಇನ್ನು ದಣಿವು ಬೇಡ. ನಿನ್ನ ಪಾದದ ಬಳಿ ಆ ಜೀವಕ್ಕೆ ತಂಪಾದ ಗಾಳಿಯನ್ನೂ ಶಾಂತಿಯನ್ನೂ ಕೊಡು.