ಎರಡನೇ ಸಹಿ

ಬೇಡ ಅಂತ್ಲೇ ಬರ್ಕೊಳ್ಳೇ ಹುಡುಗಿ! ಅದಕ್ಕೇನು ಅಷ್ಟೊಂದು ಯೋಚನೆ? ಒಂದನೇ ಪ್ರಶ್ನೆ, ಗಾಂಜಾನ ಔಷಧಿ ಅಂತ ಕಾನೂನು ಒಪ್ಕೋಬೇಕಾ... ಬೇಡ. ಎರಡನೇದು, ನರ್ಸ್‌ಗಳಿಗೆ ಅದರ ತರಬೇತಿ ಬೇಕಾ... ಬೇಡವೇ ಬೇಡ. ಮೂರು, ರೋಗಿ ತಾನಾಗೇ ಕೇಳಿದ್ರೆ ಏನು ಮಾಡ್ತೀರಿ? ಬೈದು, ಹೊದಿಕೆ ಹೊದಿಸಿ ಮಲಗಿಸ್ತೀನಿ. ಯಾಕೆ ನಗ್ತೀಯ? ದೊಡ್ಡ ಸಿಸ್ಟರ್ ಬೈದ್ರೆ ಅರ್ಧ ರೋಗ ಅಲ್ಲೇ ವಾಸಿ ಅಂತ ವಾರ್ಡಲ್ಲಿ ನೀವೇ ಆಡ್ಕೊಳ್ಳಲ್ವಾ? ಗೊತ್ತು ಕಣೇ. ಗೋಡೆಗೂ ಕಿವಿ ಇರುತ್ತೆ, ನಂಗೆ ಎರಡು ಜಾಸ್ತಿ.

ಪಾಪ, ನರ್ಸ್‌ಗಳ ಸಂಘದ ಫಾರಂ ಹಿಡ್ಕೊಂಡು ರಜೆಲಿರೋಳ ಮನೆ ಬಾಗಿಲಿಗೇ ಬಂದಿದ್ದೀಯ. ಮಿಕ್ಕಿದ ಇಪ್ಪತ್ತು ಜನಾನೂ ಬೇಡ ಅಂತ್ಲೇ ಬರೆದ್ರಾ? ಮತ್ತೆ! ಊಟದ ಕೋಣೇಲಿ ಅಷ್ಟು ಗಂಟಲು ಹರ್ಕೊಂಡಿದ್ದು ಸುಮ್ನೇನಾ! 'ಇವತ್ತು ನೋವಿಗೆ ಅಂತಾರೆ, ನಾಳೆ ನಿದ್ದೆಗೆ ಅಂತಾರೆ, ನಾಡಿದ್ದು ರೋಗಿ ಪಕ್ಕದಲ್ಲಿ ಡಾಕ್ಟರೂ ಹಲ್ಲು ಕಿರೀತಾ ಕೂತಿರ್ತಾರೆ' ಅಂದೆ ನೋಡು... ಬಿಡು, ನನ್ನ ಮಾತು ನಾನೇ ಹೊಗಳ್ಕೋಬಾರ್ದು.

ಟೀ ಕುಡಿಯೇ, ಆರಿಹೋಗುತ್ತೆ. ಎಲ್ಲಿ ನೋಡ್ತಿದ್ದೀಯ? ಓ, ಫ್ರಿಜ್ಜಿನ ಮೇಲಿರೋದಾ? ನಮ್ಮತ್ತೆಯ ನೋವಿನ ಚಾರ್ಟು. ಕ್ಯಾನ್ಸರ್ ಮೂಳೆಗೆ ಇಳಿದಿದೆ ಅಲ್ವಾ... ನಾಲ್ಕು ಗಂಟೆಗೊಂದ್ಸಲ ಕೇಳ್ತೀನಿ, ಹತ್ತಕ್ಕೆ ಎಷ್ಟು ಅಂತ. ಮೂವತ್ತು ವರ್ಷದ ಚಾಳಿ! ಯಜಮಾನ್ರು ತಲೆನೋವು ಅಂದ್ರೂ ಹತ್ತಕ್ಕೆ ಎಷ್ಟು ಅಂತೀನಿ. 'ನೀನು ಕೇಳೋವರೆಗೂ ಎರಡಿತ್ತು, ಈಗ ಒಂಬತ್ತು' ಅಂತಾರೆ!

ಹೌದು, ಎಂಟು, ಎಂಟು, ಒಂಬತ್ತು, ಎಂಟು... ಹತ್ತನೇ ತಾರೀಕಿಂದ ಮೂರು, ಎರಡು. ಇಳಿದಿದೆ. ವಯಸ್ಸಾದೋರಿಗೆ ಕೆಲವೊಮ್ಮೆ ತಾನಾಗೇ... ಏನೇ ಹಾಗೆ ನೋಡ್ತೀಯ? ದಿನಾ ಕಾಲು ಒತ್ತುತೀನಿ. ಬಿಸಿನೀರಿನ ಚೀಲ ಇಡ್ತೀನಿ. ಹೊಸ ಹಾಸಿಗೆ ಬೇರೆ ತಂದ್ವಿ... ಹಾಸಿಗೆ ಅಲ್ಲ, ದಿಂಬು. ಒಂದೇ ದಿಂಬು.

ಔಷಧಿ ಅನ್ನೋ ಕಾಲಂ ಯಾಕೆ ಖಾಲಿ ಅಂತಾನಾ? ಕೇಳ್ಲಿಲ್ವಾ? ಕೇಳಿದ ಹಾಗಾಯ್ತು. ಕಾಲಂ ಖಾಲಿ ಬಿಟ್ಟೆ ಅಂತ ಮೊದಲನೇ ವಾರದಲ್ಲೇ ನಿನ್ನ ಅಳಿಸಿದ್ದೆ, ಜ್ಞಾಪಕ ಇದೆಯಾ... ಇದೆ. ಮುಖ ನೋಡಿದ್ರೇ ಗೊತ್ತಾಗುತ್ತೆ.

ಶ್... ಕೇಳಿಸ್ತಾ? ಅತ್ತೇನೇ. ತಿಂಡಿ ಕೊಟ್ಟು ಅರ್ಧ ಗಂಟೆ ಆಗಿಲ್ಲ, ಮತ್ತೆ ಹಸಿವಂತೆ. ನಗಬೇಡ್ವೇ! ಎಂಟು ತಿಂಗಳು ಕಣೇ, ಎಂಟು ತಿಂಗಳು ಆಯಮ್ಮ ಗೋಡೆ ಕಡೆ ಮುಖ ಮಾಡಿ ಮಲಗಿದ್ರು. ನನ್ನ ಒಂದೇ ಒಂದು ಮಾತು ಬೈಲಿಲ್ಲ. ಬೈಯದೆ ಇರೋ ನಮ್ಮತ್ತೆ! ಅದನ್ನ ಹತ್ತಕ್ಕೆ ಎಷ್ಟು ಅಂತ ಬರೀಲಿ? ಮೊನ್ನೆ ಚಮಚ ಬಾಯಿಗಿಟ್ಟು, 'ಉಪ್ಪು ಹಾಕೋದು ನಿಮ್ಮಮ್ಮ ಕಲಿಸ್ಲೇ ಇಲ್ವಾ?' ಅಂದ್ರು. ಅಡುಗೆಮನೆಗೆ ಓಡಿ, ನಲ್ಲಿ ಬಿಟ್ಕೊಂಡು, ಬಿಕ್ಕಿ ಬಿಕ್ಕಿ...

ಯಾವ ಔಷಧಿ ಅಂತ ಇನ್ನೂ ಕೇಳ್ತಿಲ್ವಲ್ಲೇ. ಡೋಸ್ ಎಷ್ಟು ಅಂತಾನೂ ಕೇಳ್ತಿಲ್ಲ! ನರ್ಸೋ ಏನೋ ನೀನು? ಮಾತಾಡೇ... ಓ. ತಾರೀಕು ನೋಡ್ತಿದ್ದೀಯ.

ಹ್ಞೂಂ. ಅದೇ ಹತ್ತನೇ ತಾರೀಕು. ನಮ್ಮ ವಾರ್ಡಲ್ಲಿ ಕಿಟಕಿ ಪಕ್ಕದ ಬೆಡ್ಡಲ್ಲಿದ್ದ ಮೇಷ್ಟ್ರು ತೀರ್ಕೊಂಡ ಮಾರನೇ ದಿನ. ಅವರ ಡ್ರಾಯರಲ್ಲಿ ಗಾಂಜಾ ಎಣ್ಣೆ ಸೀಸೆ ಸಿಕ್ಕಿತ್ತಲ್ಲ, ಯಾರೋ ಕದ್ದುಮುಚ್ಚಿ ತಂದ್ಕೊಟ್ಟಿದ್ದು. ಅಂಥದ್ದನ್ನ ಸಿಂಕಿಗೆ ಸುರಿದು ರಿಜಿಸ್ಟರಲ್ಲಿ ಇಬ್ಬರು ಸಹಿ ಹಾಕ್ಬೇಕು. ಸುರಿದೆ ಅಂತ ನಾನಂದೆ. ಎರಡನೇ ಸಹಿ ನೀನು ಹಾಕಿದೆ. ತಿರುಗಿ ನೋಡ್ಲೂ ಇಲ್ಲ. ನನ್ನ ಮಾತು ಅಂದ್ರೆ ನಿಂಗೆ ವೇದವಾಕ್ಯ.

ಸುರಿದಿದ್ದು ಬರೀ ನೀರು.

ಅತ್ತೆ ನಾಲಿಗೆ ಅಡಿಗೆ ಎರಡು ಹನಿ ಕಣೇ, ಅಷ್ಟೇ... ಬೈಯೇ! ಏನಾದ್ರೂ ಅನ್ನೇ! ನನ್ನ ಕೆಲಸ ಹೋದ್ರೆ ಹೋಗ್ಲಿ, ರಿಟೈರಾಗೋಕೆ ಇನ್ನೆರಡೇ ವರ್ಷ ಇತ್ತು. ನಿಂದು ಈಗ ತಾನೇ ಶುರು. ಅದು ಹೊಳೀಲೇ ಇಲ್ಲ ಅಂದ್ರೆ ಸುಳ್ಳಾಗುತ್ತೆ. ಹೊಳೀತು. ಹೊಳೆದ ಮೇಲೂ ನಿನ್ನ ಕೈಗೆ ಪೆನ್ನು ಕೊಟ್ಟೆ.

ತಾ ಇಲ್ಲಿ ಆ ಫಾರಂ. ನಾಲ್ಕನೇದು ಏನು... 'ಇದರಿಂದ ಯಾರಿಗಾದರೂ ನೋವು ಕಮ್ಮಿಯಾಗಿದ್ದು ಕಣ್ಣಾರೆ ಕಂಡಿದ್ದೀರಾ?' ಹೌದು. ತಾಳು, ಮೇಲಿನ ಮೂರೂ ತಿದ್ದುತೀನಿ. ಹೆಸರು ಬರೆಯೋಕೆ ಜಾಗ ಇಲ್ವಾ? ಗುಟ್ಟಿನ ಸಮೀಕ್ಷೆಯಾ? ಇರ್ಲಿ, ಕೆಳಗೆ ಇಷ್ಟಗಲ ಅಂಚಿದೆ. 'ಹತ್ತನೇ ತಾರೀಕು ಸೀಸೆ ಚೆಲ್ಲಲಿಲ್ಲ, ಮನೆಗೆ ತಂದೆ. ಜೊತೆಗೆ ಸಹಿ ಹಾಕಿದವಳಿಗೆ ಗೊತ್ತಿರಲಿಲ್ಲ.'

ಏಯ್, ಪೆನ್ನು ಯಾಕೆ ಕಿತ್ಕೊಳ್ತೀಯ? ಬಿಡು ಕೈನ. ಬಿಡು ಅಂದೆ. ಇದಕ್ಕೆ ನನ್ನೊಬ್ಬಳ ಸಹಿ ಸಾಕು.