ಹತ್ತೊಂಬತ್ತನೇ ತಾರೀಕಿಗೆ ಯಾವ ಟೂರು

…ಒಂದನೇ ನಂಬರ್ ಬೇಡ, ಬೇಡವೇ ಬೇಡ! ಕೋಟೆ ನೋಡೋದಂತೆ ಕೋಟೆ! ಲೋ ತಿಹಾ, ಡಿಸೆಂಬರ್ ತಿಂಗಳಲ್ಲಿ ಕಲೆಮೆಗ್ದಾನ್ ಕೋಟೆ ಮೇಲೆ ಗಾಳಿ ಹೇಗೆ ಬೀಸುತ್ತೆ ಅಂತ ಗೊತ್ತೇನೋ ನಿನಗೆ? ಎಲ್ಲಿಂದ ಗೊತ್ತಿರುತ್ತೆ! ಮೂವತ್ತು ವರ್ಷ ನೀನು ಬೆಲ್‌ಗ್ರೇಡಿಗೆ ಬಂದೆ, ನೋಡಿದ್ದೇನು? ಬಸ್ ಸ್ಟ್ಯಾಂಡು, ನನ್ನ ಮನೆ ಮೆಟ್ಟಿಲು, ನನ್ನ ಊಟದ ಮೇಜು. ಮುಗೀತು. ಆ ಗಾಳಿ ಈ ಕಿವೀಲಿ ನುಗ್ಗಿ ಆ ಕಿವೀಲಿ ಆಚೆ ಬರುತ್ತೆ. ನಿನ್ನ ತಲೇಲಂತೂ ನಡುವೆ ಅಡ್ಡ ಬರೋಕೂ ಏನೂ ಇಲ್ಲ…

ಹಾಂ, ನಕ್ಕೆ! ನಕ್ಕೆ ಅಲ್ವಾ? ಇಲ್ಲ ಅನ್ನಬೇಡ, ಕೇಳಿಸ್ತು. ಎಪ್ಪತ್ತೊಂದಾಗಿದ್ರೂ ಕಿವಿ ಇನ್ನೂ ನೆಟ್ಟಗಿದೆ ನನಗೆ. ಮೂರು ವರ್ಷ ಆದ ಮೇಲೆ ನಿನ್ನ ಬಾಯಿಂದ ಬಂದ ಮೊದಲನೇ ಸದ್ದು… ಇರಲಿ ಬಿಡು.

ಬೇಡ, ಯಾಗೊದಾಗೆ ಕೊಡಬೇಡ ಫೋನು! ನಿನ್ನ ಹೆಂಡತಿ ಹತ್ರ ಬೆಳಿಗ್ಗೆ ಮುಕ್ಕಾಲು ಗಂಟೆ ಮಾತಾಡಿ ಆಗಿದೆ. ಅವಳೇ ಹೋದ ವಾರ ನಿಮ್ಮ ಪಿಂಚಣಿದಾರರ ಸಂಘದ ಆ ಕಾಗದದ ಫೋಟೋ ತೆಗೆದು ನನಗೆ ಕಳಿಸಿದ್ದು. ನಾಲ್ಕು ಟೂರಲ್ಲಿ ಯಾವುದು ಬೇಕು ಅಂತ ಇವತ್ತು ಸಂಜೆ ಒಳಗೆ ಕಾರ್ಯದರ್ಶಿಗೆ ಹೇಳಬೇಕಂತೆ, ಮೂರನೇದಕ್ಕೆ ಗುರುತು ಹಾಕಿ ಕೂತಿದೀಯಂತೆ. ಅದನ್ನ ಕೇಳಿದ ಮೇಲೆ ಒಡಹುಟ್ಟಿದ ಅಕ್ಕ ಅಂತ ಒಬ್ಬಳು ಇದ್ದು ಸುಮ್ಮನಿರೋಕೆ ಆಗುತ್ತಾ? ಜಗಳ ಜಗಳದ ಜಾಗದಲ್ಲಿರಲಿ. ನಾನು ಅದರ ಮಾತೇ ಎತ್ತಲ್ಲ. ನಾನು ಫೋನ್ ಮಾಡಿದ್ದು ಬರೀ ಟೂರಿನ ವಿಷಯಕ್ಕೆ.

ಹೌದು, ಬರೀ ಟೂರಿನ ವಿಷಯಕ್ಕೆ! ಯಾಕೆ ಕೆಮ್ಮಿದೆ?

ಎರಡನೇದು ನೋಡು. ಬಸ್ಸು. ಬೆಚ್ಚಗಿರುತ್ತೆ, ಹತ್ತು ಭಾಷೇಲಿ ಕಿವಿಗೆ ಹೇಳುತ್ತೆ, ಎಲ್ಲಾ ಸರಿ. ಆದರೆ ಎಲ್ಲೂ ಇಳಿಸಲ್ಲ! ಎರಡು ಗಂಟೆ ಕೂತಲ್ಲೇ ಕೂತಿರಬೇಕು. ಸಾವಾ ನದಿ ದಾಟೋ ಹೊತ್ತಿಗೆ ನಿನ್ನ ಗೊರಕೆ ಶುರು. ಮುಂದಿನ ಸೀಟಲ್ಲಿ ಕೂತ ಪರದೇಶದವರು ಅದನ್ನೂ ರೆಕಾರ್ಡ್ ಮಾಡಿಕೊಂಡು ಹೋಗ್ತಾರೆ. ಸೀಟು ಬೇರೆ ಎಷ್ಟು ಇಕ್ಕಟ್ಟು ಅಂದ್ರೆ, ಮೊನ್ನೆ ಮಂಗಳವಾರ ನನ್ನ ಮೊಣಕಾಲು…

ಹೇಗೆ ಗೊತ್ತು ಅಂದ್ರೆ? ಗೊತ್ತು, ಅಷ್ಟೆ.

ಸರಿ ಮಾರಾಯ, ಹೋಗಿದ್ದೆ. ಸಾಕಾ? ಮಂಗಳವಾರ ಬಸ್ಸು, ಬುಧವಾರ ಕೋಟೆ, ಗುರುವಾರ ಆ ನೆಲದಡಿ ಇರೋ ಗುಹೆಗಳು. ಐವತ್ತು ವರ್ಷದಿಂದ ಈ ಊರಲ್ಲಿದೀನಿ, ಒಂದು ದಿನ ಕೋಟೆ ಬಾವಿಗೆ ಇಣುಕಿ ನೋಡಿದೋಳಲ್ಲ. ಈಗ ನೋಡಿದೆ. ಮುದುಕಿ ಸುಮ್ಮನೆ ಹೋದಳು. ಅದರಲ್ಲೇನು ನಗೋದು? ಟಿಕೆಟ್ ಕೊಡೋ ಹುಡುಗಿ ನನ್ನ ಯಾವ ದೇಶದೋಳು ಅಂತ ಇಂಗ್ಲಿಷಲ್ಲಿ ಕೇಳಿದಳು. ದೊರ್ಚೊಲ್ ಬಡಾವಣೆಯೋಳು ಕಣಮ್ಮಾ, ಇಲ್ಲೇ ಎರಡು ಬೀದಿ ಆಚೆ ಅಂದೆ. ನನ್ನ ಪಾಸ್‌ಪೋರ್ಟ್ ಕಳೆದುಹೋಗಿದೆ ಅಂದುಕೊಂಡಳು, ಪಾಪ!

ಈಗ ನಿನ್ನ ಮೂರನೇದಕ್ಕೆ, ಆ ಗುಹೆಗಳಿಗೆ ಬರೋಣ. ಅದ್ಯಾಕೆ ಅಂತ ನನಗೆ ಗೊತ್ತು. ಕೊನೇಲಿ ಒಂದು ಲೋಟ ವೈನ್ ಅಂತ ಬರೆದಿದ್ದಾರೆ, ಅದಕ್ಕೇ! ಲೋಟ ಅಲ್ಲ ತಿಹಾ, ನನ್ನ ಕಿರುಬೆರಳು ಹಿಡಿಯಲ್ಲ ಅದರಲ್ಲಿ. ಅಷ್ಟಕ್ಕೆ ಎಪ್ಪತ್ತಾರು ಮೆಟ್ಟಿಲು ಇಳೀಬೇಕು, ಹತ್ತಬೇಕು. ಎಣಿಸಿದೀನಿ. ಇಳಿಯೋವಾಗ ಗೈಡ್ ಜೋಕ್ ಹೇಳ್ತಾನೆ, ಹತ್ತೋವಾಗ ಅವನಿಗೂ ಉಸಿರಿರಲ್ಲ. ಎಲ್ಲಾ ಮುಗಿದು ಆಚೆ ಬರೋ ಹೊತ್ತಿಗೆ ಗಂಟೆ ಮೂರಾಗುತ್ತೆ. ಮೂರು ಗಂಟೆಗೆ ಮೀನೆಲ್ಲಾ ತಣ್ಣಗಾಗಿ…

ಮೀನಾ? ನಾನು ಮೀನು ಅಂದೆನಾ?

ಅನ್ನಲಿಲ್ಲ. ಮೈ ಅಂದೆ. ಮೈಯೆಲ್ಲಾ ತಣ್ಣಗಾಗಿ.

ನಗು, ನಗು! ಹೌದು, ಹತ್ತೊಂಬತ್ತನೇ ತಾರೀಕು ನಮ್ಮ ಮನೆ ಸಂತನ ದಿನ. ನಿಮ್ಮ ಸಂಘದೋರಿಗೆ ಬೇರೆ ದಿನವೇ ಸಿಗಲಿಲ್ಲವಾ ಅಂತ! ಅರ್ಧ ಸೆರ್ಬಿಯಾ ಅವತ್ತು ಸಂತ ನಿಕೋಲಾಗೆ ಮೇಣದ ಬತ್ತಿ ಹಚ್ಚಿಕೊಂಡು ಮನೇಲಿರುತ್ತೆ, ಉಳಿದರ್ಧ ಆ ಮನೆಗಳಿಗೆ ಊಟಕ್ಕೆ ಹೋಗಿರುತ್ತೆ. ಟೂರಿಗೆ ನಾಯಿಯೂ ಬರಲ್ಲ, ಅದಕ್ಕೇ ಅರ್ಧ ರೇಟಿಗೆ ಕೊಟ್ಟಿರ್ತಾರೆ. ನನ್ನ ಗಂಡ ರಾದೋಮಿರ್ ಹೋದ ಮೇಲೂ ನಾನು ಅವನ ಮನೆತನದ ಸಂತನನ್ನ ಬಿಟ್ಟಿಲ್ಲ. ರೊಟ್ಟಿ ಸುಡ್ತೀನಿ, ಗೋಧಿ ಬೇಯಿಸ್ತೀನಿ. ಅವತ್ತು ಉಪವಾಸದ ಅಡುಗೆ ಅಲ್ವಾ, ಮಾಂಸ ಇಲ್ಲ, ಬೆಣ್ಣೆ ಇಲ್ಲ, ಮೀನು ನಡೆಯುತ್ತೆ, ಅದಕ್ಕೆ ಐದು ಕಿಲೋ ಗೆಂಡೆ ಮೀನು ಹೇಳಿದೀನಿ. ಜನ ಬರ್ತಾರೆ ಕಣೋ ನಮ್ಮ ಮನೆಗೆ! ಮೂವತ್ತು ಜನ… ಹೋದ ವರ್ಷ ಸ್ವಲ್ಪ ಕಡಿಮೆ. ಕೆಳಗಿನ ಮನೆಯೋಳು, ಅವಳ ಗಂಡ… ಅವನು ಟಿವಿ ರಿಪೇರಿಗೆ ಅಂತ ಬಂದವನು, ಹಾಗೇ ಕೂತ.

ಆದರೆ ನಾನು ಕರೀತಾ ಇದೀನಿ ಅಂದುಕೋಬೇಡ. ನನ್ನ ಬಾಯಿಂದ ಆ ಮಾತು ಬಂತಾ? ಬಂತಾ ಹೇಳು! ಸಂತನ ದಿನಕ್ಕೆ ಯಾರನ್ನೂ ಕರೆಯೋ ಹಾಗಿಲ್ಲ. ಬರಬೇಕು ಅನ್ನಿಸಿದೋರು ಬರ್ತಾರೆ, ಬಂದೋರಿಗೆ ಬಡಿಸಬೇಕು, ಅಷ್ಟೆ. ನನ್ನ ಅತ್ತೆ ಎಂಬತ್ತೆಂಟು ವರ್ಷ ಬದುಕಿದಳು, ಒಬ್ಬರನ್ನಾದ್ರೂ ಕರೆದಳಾ? ಸೇನಾಪತಿ ಬಂದರೂ ತಟ್ಟೆ ಇಟ್ಟಳು, ಕಳ್ಳ ಬಂದರೂ ಇಟ್ಟಳು. ಕರೆದು ಊಟ ಹಾಕೋದು ಹೋಟೆಲಿನೋರು. ಹಾಗಾಗಿ ನಾನು ಕರೀತಾ ಇಲ್ಲ. ನಾನು ಬರೀ ಟೂರಿನ ವಿಷಯ…

ಆಯ್ತು, ನಾಲ್ಕನೇದು! ಅದನ್ನ ಹೇಳೋಕೆ ಬಿಡಲ್ಲವಲ್ಲ ನೀನು. 'ಹಳೇ ದೊರ್ಚೊಲ್, ಕಾಲ್ನಡಿಗೆ.' ಚಿನ್ನದಂಥಾ ಟೂರು! ಹತ್ತೂವರೆಗೆ ಶುರು. ಏರಿಲ್ಲ, ಇಳಿಜಾರಿಲ್ಲ. ಹಳೇ ಮಸೀದಿ ತೋರಿಸ್ತಾರೆ, ಬೇಕರಿ ತೋರಿಸ್ತಾರೆ, ನಡುವೆ ಒಂದು ಕಾಫಿಗೆ ಕೂರಿಸ್ತಾರೆ. ಗೈಡ್ ಹೆಸರು ಸೆಂಕಾ. ಗಟ್ಟಿ ಹೆಂಗಸು, ಕೆಂಪು ಛತ್ರಿ ಹಿಡಿದಿರ್ತಾಳೆ, ಗಂಟೆಗೆ ಸರಿಯಾಗಿ ಹೊರಡ್ತಾಳೆ. ನಿನ್ನಂಥವನಿಗೆ ಅಂಥವಳೇ ಸರಿ. ಎರಡು ವಾರ ತಡವಾಗಿ ಹುಟ್ಟಿದವನು ನೀನು, ಅವತ್ತಿಂದ ಆ ಎರಡು ವಾರಾನ ಹಿಡಿಯೋಕಾಗಿಲ್ಲ ನಿನ್ನ ಕೈಲಿ! ಸರಿಯಾಗಿ ಹನ್ನೆರಡೂ ಮುಕ್ಕಾಲಿಗೆ ಟೂರ್ ಮುಗಿಯುತ್ತೆ.

ಎಲ್ಲಿ ಮುಗಿಯುತ್ತೆ ಅಂದ್ರೆ… ಒಂದು ಹಳೇ ಕಟ್ಟಡದ ಮುಂದೆ.

ಹದಿನೇಳನೇ ನಂಬರ್.

ಹೌದು, ನಮ್ಮದು! ಯಾಕೆ, ನಮ್ಮ ಕಟ್ಟಡಕ್ಕೆ ಇತಿಹಾಸ ಇರಬಾರದಾ? ಇದೆ! ಮೂರನೇ ಮಹಡೀಲಿ, ನನ್ನ ಅಡುಗೆಮನೆ ಇರೋ ಜಾಗದಲ್ಲೇ, ಹಿಂದಿನ ಕಾಲದಲ್ಲಿ ಒಬ್ಬ ಸೇನಾಧಿಕಾರಿ ತನ್ನ ಗೆಳತೀನ ಇಟ್ಟಿದ್ದ. ಅವಳ ಗಂಡ ಮುಂಬಾಗಿಲಲ್ಲಿ ಬಂದಾಗ ಇವನು ಕಿಟಕಿಯಿಂದ ಒಳಚಡ್ಡೀಲಿ ಹಾರಿ, ಕೆಳಗೆ ಹೋಗ್ತಿದ್ದ ಎಲೆಕೋಸಿನ ಗಾಡಿ ಮೇಲೆ ಬಿದ್ದ. ಸೆಂಕಾ ಎಷ್ಟು ಚೆನ್ನಾಗಿ ಹೇಳ್ತಾಳೆ ಗೊತ್ತಾ! ಜನ ಕತ್ತು ಮೇಲೆತ್ತಿ ನಿಂತುಬಿಡ್ತಾರೆ.

ಯಾರು ಹೇಳಿದ್ದು ಅವಳಿಗೆ ಅಂದ್ರೆ… ತಿಹಾ, ಎಲ್ಲಾದಕ್ಕೂ ಬೇರು ಹುಡುಕಬೇಡ.

ನಾನೇ ಹೇಳಿದ್ದು! ಏನೀಗ? ಟೂರ್ ಮೊದಲು ಮಾರ್ಕೆಟ್ ಹತ್ರ ಮುಗೀತಿತ್ತು. ಶುಕ್ರವಾರ ಹೋದವಳು ಅವಳಿಗೆ ಎರಡು ಬಾಟಲಿ ಮೆಣಸಿನಕಾಯಿ ಗೊಜ್ಜು ಕೊಟ್ಟೆ, ಈ ಕತೆ ಕೊಟ್ಟೆ. ಕತೆ ನಿಜವಾ ಅಂತ ಕೇಳಿದಳು. ಗೊಜ್ಜು ನಿಜ ಅಂದೆ. ಶನಿವಾರದಿಂದ ನಮ್ಮ ಮನೆ ಮುಂದೆ ಮುಗಿಸ್ತಿದಾಳೆ. ಒಂದೇ ಕಷ್ಟ. ನಿನ್ನೆ ಇಪ್ಪತ್ತು ಜನ ಜಪಾನಿನೋರು ನಾನು ಒಣಗಿಸಿದ ಲಂಗಗಳ ಫೋಟೋ ಹಿಡಿದರು. ಆ ಗೆಳತಿಯದೇ ಅಂದುಕೊಂಡರೋ ಏನೋ. ಒಬ್ಬ ಮುದುಕ ನನಗೇ ಕೈ ಬೀಸಿದ. ನಾನೂ ಬೀಸಿದೆ!

ಅಯ್ಯೋ, ಸಾಕು ನಗು, ಉಸಿರು ಕಟ್ಟುತ್ತೆ ನಿನಗೆ… ನೀರು ಕುಡಿ.

ಕುಡಿದೆಯಾ?

ಹೂಂ. ಈಗ ಕೇಳು. ಟೂರ್ ಮುಗಿದ ಮೇಲೆ ನೀನು ಎಲ್ಲಿಗಾದ್ರೂ ಹೋಗು, ನನಗೇನು. ಕೆಳಗೆ ನಿಂತಿರ್ತೀಯ, ಗಂಟೆ ಒಂದಾಗಿರುತ್ತೆ, ಮೇಲಿಂದ ಮೀನಿನ ವಾಸನೆ ಬರುತ್ತೆ. ಮೂಗಿದ್ದವನಿಗೆ ಗೊತ್ತಾಗುತ್ತೆ. ಮೂರು ಮಹಡಿ ಹತ್ತಿದರೆ ಹತ್ತು, ಬಿಟ್ಟರೆ ಬಿಡು. ಗೋಧಿ ಒಂದು ಚಮಚ ಬಾಯಿಗೆ ಹಾಕ್ಕೊಂಡರೆ ಹಾಕ್ಕೋ. ನಾನು ಕರೆದ ಹಾಗೂ ಆಗಲಿಲ್ಲ, ನೀನು ತಲೆ ತಗ್ಗಿಸಿ ಬಂದ ಹಾಗೂ ಆಗಲಿಲ್ಲ. ಟೂರ್ ಕರಕೊಂಡು ಬಂತು, ಅಷ್ಟೆ! ಎಷ್ಟು ಸಲೀಸು! ತಪ್ಪು ಮಾಡಿದವನಿಗೆ ಇದಕ್ಕಿಂತ ಸುಲಭದ ದಾರಿ ಯಾರು ಮಾಡಿಕೊಡ್ತಾರೆ ಹೇಳು?

ನಿನ್ನ ತಪ್ಪಲ್ಲದೆ ಮತ್ತೆ ಯಾರದು? ಮಾತು ಎತ್ತಬಾರದು ಅಂತಿದ್ದೆ, ನೀನೇ ಎತ್ತಿಸ್ತಿದೀಯ. ರಾದೋಮಿರ್‌ನ ಮಣ್ಣಿಗಿಟ್ಟು, ಎಲ್ಲರೂ ಕೈ ತೊಳೆದುಕೊಂಡು ಗೇಟ್ ಹತ್ರ ಬಂದಾಗ ಬಸ್ ಇಳಿದೆಯಲ್ಲಾ ನೀನು! ಬಸ್ ಕೆಟ್ಟಿತ್ತಂತೆ. ನಾನೂ ಅಂದೆ ಏನೋ ಒಂದೆರಡು. ಗಂಡ ಸತ್ತವಳು ಅನ್ನಲ್ಲವಾ? ಮುಖ ತೋರಿಸಬೇಡ ಅಂದೆ. ಸರಿ. ಅದಾಗಿ ಎರಡು ತಿಂಗಳಿಗೆ ಸಂತನ ದಿನ ಬಂತು. ಅವತ್ತಾದ್ರೂ ಬರಬೇಕೋ ಬೇಡವೋ? ಅವತ್ತು ಶತ್ರೂಗೂ ಬಾಗಿಲು ತೆರೆದಿರುತ್ತೆ. ನಾನು ಕಾದೆ. ಮೇಣದ ಬತ್ತಿ ಕರಗೋವರೆಗೂ ಕಾದೆ. ನೀನು ಬರಲಿಲ್ಲ.

ಏನು?

ಬರಲಿಲ್ಲ ಅಂದೆ.

ಹಲೋ? ತಿಹಾ? ಲೈನ್ ಹೋಯ್ತಾ? ಹಲೋ…

ಇಲ್ಲ, ನಿಮ್ಮ ಮನೆ ರೇಡಿಯೋ ಕೇಳಿಸ್ತಿದೆ. ಇದೀಯ ನೀನು. ಈಗ ತಾನೆ ಅಷ್ಟು ನಗ್ತಿದ್ದವನು ಯಾಕೋ ಸುಮ್ಮನಾದೆ? ನೀನು ಬರಲಿಲ್ಲ ಅಂತಿದೀನಿ! ಜಗಳಕ್ಕೆ ಬಾರೋ! ಬಂದಿದ್ದೆ ಅನ್ನು! ಸುಳ್ಳು ಹೇಳಬೇಡ ಮುದುಕಿ ಅಂತ ಬೈಯಿ! ಬೇರೆಲ್ಲದಕ್ಕೂ ಬಾಯಿದೆ ನಿನಗೆ…

ಯಾಕೆ ಅನ್ನಲ್ಲ?

ಮೂರು ವರ್ಷದಿಂದ ಎಲ್ಲರ ಹತ್ರಾನೂ ಹೇಳಿಕೊಂಡು ಬಂದಿದೀನಿ, ನನ್ನ ತಮ್ಮ ಬರಲಿಲ್ಲ ಅಂತ. ಕೆಳಗಿನ ಮನೆಯೋಳಿಗೆ, ಪಾದ್ರಿಗೆ, ಸೆಂಕಾಗೂ ಸಹ. ಹೇಳೀ ಹೇಳೀ ನನಗೇ ನಿಜ ಅನ್ನಿಸೋಕೆ ಶುರುವಾಗಿತ್ತು. ಇವತ್ತು ಬೆಳಿಗ್ಗೆ ಯಾಗೊದಾ ಏನಂದಳು ಗೊತ್ತಾ? 'ಅಕ್ಕಾ, ಅವತ್ತು ತಿಹಾ ಬಂದಿದ್ದನಂತಲ್ಲ, ನೀವು ಮನೇಲಿರಲಿಲ್ಲವಂತೆ' ಅಂದಳು. ಮನೇಲಿರಲಿಲ್ಲ! ಸಂತನ ದಿನ ಮನೆ ಬಿಟ್ಟು ಹೋಗೋ ಹೆಂಗಸು ಈ ದೇಶದಲ್ಲಿದ್ದಾಳೇನೋ? ಎಂಥಾ ಪೆದ್ದು ಸುಳ್ಳು ಹುಡುಕಿದೆ ನನಗೋಸ್ಕರ! ಅವಳು ನಂಬಿದಳಲ್ಲ, ಪುಣ್ಯಾತ್ಗಿತ್ತಿ…

ನಿನಗೆ ಗೊತ್ತಿತ್ತು. ಅವತ್ತೇ ಗೊತ್ತಿತ್ತು, ಅಲ್ವಾ?



ನಾನು ಒಳಗಿದ್ದೆ ತಿಹಾ. ಊಟಕ್ಕೆ ಬಂದೋರೆಲ್ಲಾ ಹೋಗಿಯಾಗಿತ್ತು. ಬಾಗಿಲಿನ ಹಿಂದೇನೇ ನಿಂತಿದ್ದೆ. ನಿನ್ನ ಕೆಮ್ಮು ಮೆಟ್ಟಿಲ ಮೇಲೆ ಕೇಳಿಸಿದ ತಕ್ಷಣ ದೀಪ ಆರಿಸಿದೆ. ಯಾಕೆ ಆರಿಸಿದೆ ಅಂತ ಕೇಳಬೇಡ. ಒಂದು ಸಲ ಬೆಲ್ ಬಾರಿಸಲಿ, ಎರಡು ಸಲ ಬಾರಿಸಲಿ, ಆಮೇಲೆ ತೆಗೆಯೋಣ, ಸ್ವಲ್ಪ ನೋಯಲಿ ಇವನಿಗೂ ಅಂತ. ನೀನು ಒಂದೇ ಸಲ ಬಾರಿಸಿದೆ. ಬಾಗಿಲಿನ ಕಿಂಡೀಲಿ ನೋಡ್ತಿದ್ದೆ. ನೀನು ಟೋಪಿ ತೆಗೆದು ಕೈಲಿ ಹಿಡಿದುಕೊಂಡೆ. ಹೊರಗೆ ಹಿಮ ಬಿದ್ದಿತ್ತು, ಮುಚ್ಚಿದ ಬಾಗಿಲ ಮುಂದೆ ನಿಂತು ಮ್ಯಾಟಿನ ಮೇಲೆ ಬೂಟು ಒರೆಸಿದೆ, ಎಡಗಾಲು, ಬಲಗಾಲು, ಮತ್ತೆ ಎಡಗಾಲು. 'ಅಕ್ಕಾ' ಅಂದೆ. ಬಾಗಿಲಿಗೆ ಬಾಯಿಟ್ಟು ಮೆಲ್ಲಗೆ, ಪಕ್ಕದ ಮನೆಯೋರಿಗೆ ಕೇಳಿಸದ ಹಾಗೆ. ನನ್ನ ಮಾನ ಹೋಗಬಾರದು ಅಂತ! ಒಳಗಿದ್ದಾಳೆ ಅಂತ ಗೊತ್ತಿದ್ದವನು ಮಾತ್ರ ಹಾಗೆ ಕರೀತಾನೆ. ಆಮೇಲೆ ನೀನು ಮೆಟ್ಟಿಲ ಮೇಲೆ ಕೂತೆ. ನನ್ನ ಕೈ ಚಿಲಕದ ಮೇಲೇ ಇತ್ತು. ಆಗ ತೆಗೆಯೋಕೆ ನಾಚಿಕೆ ಆಯ್ತು. ಅಷ್ಟು ಹೊತ್ತು ನಿಲ್ಲಿಸಿದ ಮೇಲೆ ಯಾವ ಮುಖ ಇಟ್ಟುಕೊಂಡು ತೆಗೀಲಿ? ನೀನು ಎದ್ದು ಇಳಿದು ಹೋದೆ. ವೈನ್ ಬಾಟಲಿ ಗೋಡೆಗೆ ಒರಗಿಸಿ ಇಟ್ಟು ಹೋಗಿದ್ದೆ. ಮೂರು ವರ್ಷದಿಂದ ಅದನ್ನ ನಾನು ತೆರೆದಿಲ್ಲ, ಬೇರೆಯೋರು ಮುಟ್ಟೋಕೂ ಬಿಟ್ಟಿಲ್ಲ.

ನನ್ನ ಅತ್ತೆ ಕಳ್ಳನಿಗೂ ತಟ್ಟೆ ಇಟ್ಟಿದ್ದಳು ಅಂತ ಈಗ ತಾನೆ ಜಂಬ ಕೊಚ್ಚಿಕೊಂಡೆ ನೋಡು ನಿನ್ನ ಮುಂದೆ.

ತಿಹಾ… ಹೂಂ ಅನ್ನಬೇಡ ಬಿಡು. ಫೋನ್ ಮಾತ್ರ ಇಡಬೇಡ.

ಆ ಕಾಗದ ಎಲ್ಲಿದೆ, ಕೈಲಿದೆಯಾ? ಮೂರನೇದನ್ನ ಹೊಡೆದುಹಾಕು. ನಾಲ್ಕು ಅಂತ ಬರೀಬೇಡ. ಬೇಡ ಕಣೋ, ನಾಲ್ಕನೇದೂ ಬೇಡ. ಎಲೆಕೋಸಿನ ಗಾಡೀನೂ ಬೇಡ, ಕೆಂಪು ಛತ್ರೀನೂ ಬೇಡ. ಅಷ್ಟಕ್ಕೂ ಎರಡು ಗಂಟೆ ಚಳೀಲಿ ಊರೆಲ್ಲಾ ಸುತ್ತಿ ಯಾಕೆ ಬರ್ತೀಯ? ಯಾವ ಟೂರೂ ಬೇಡ ಅಂತ ಹೇಳು ಆ ಕಾರ್ಯದರ್ಶಿಗೆ. ಬಸ್ ಇಳಿದು ನೇರ ಬಾ. ಯಾಗೊದಾನೂ ಕರಕೊಂಡು ಬಾ.

ಹೌದು, ಕೇಳಿಸಿದ್ದು ಸರಿಯಾಗೇ ಇದೆ. ನಾನು ಕರೀತಾ ಇದೀನಿ.