ನಾನು ಬಳಿದ ಸುಣ್ಣ

ಅಧ್ಯಕ್ಷತೆ ವಹಿಸಿರುವ ನಮ್ಮ ಮುಖ್ಯೋಪಾಧ್ಯಾಯಿನಿ ದೋನಾ ಇವೊನೆಟೆ ಅವರೇ, ವೇದಿಕೆಯ ಗಣ್ಯರೇ, ಆಗಲೇ ಕಾಫಿಯ ಕಡೆ ಕಣ್ಣು ಹಾಯಿಸುತ್ತಿರುವ ಸಭಿಕರೇ,

ಮೂವತ್ತೊಂದು ವರ್ಷ ಈ ಕಶೊಯೆರಾ ಊರಿನ ಶಾಲೆಯಲ್ಲಿ ಪಾಠ ಹೇಳಿ ಇಂದು ನಿವೃತ್ತಳಾಗುತ್ತಿದ್ದೇನೆ. ನೀವೆಲ್ಲ ನನ್ನನ್ನು ಮಮತೆಯ ಮೂರ್ತಿ ಎಂದಿರಿ. ಆ ಮಮತೆಯ ಕಥೆಯನ್ನು ನನ್ನ ಬಾಯಿಂದಲೇ ಕೇಳಿ.

ದಾಖಲಾತಿ ಹಾಳೆಯಲ್ಲಿ ಮಗುವಿನ ಬಣ್ಣದ ಕಾಲಂ ಇದೆಯಲ್ಲ, ತಂದೆತಾಯಿ ಖಾಲಿ ಬಿಟ್ಟರೆ ನಾನೇ ತುಂಬುತ್ತಿದ್ದೆ. ಕಪ್ಪು ಮಗುವನ್ನು ಕಂದು ಎಂದು, ಕಂದು ಮಗುವನ್ನು ಬಿಳಿ ಎಂದು ಬರೆಯುತ್ತಿದ್ದೆ. ಪಾಪದ ಕೂಸುಗಳಿಗೆ ಅವಮಾನವೇಕೆ? ಇದು ಉಪಕಾರವಲ್ಲವೇ? ನನ್ನನ್ನೂ ಕಂದು ಎಂದೇ ಬರೆದುಕೊಂಡಿದ್ದೆ. ನಗಬೇಡಿ, ಈ ದೀಪದ ಕೆಳಗೆ ನನ್ನ ಬಣ್ಣ ನಿಮಗೆ ಕಾಣುತ್ತಿದೆ ಎಂದು ಗೊತ್ತು.

ಮೂರನೇ ತರಗತಿಯ ಜಾಂಡೀರಾಳನ್ನು ಒಬ್ಬ ಹುಡುಗ ಕೋತಿ ಎಂದ. ಅಳುತ್ತಾ ಬಂದವಳ ಕಣ್ಣೊರೆಸಿದೆ. "ಅಳಬೇಡ ಕಂದಾ, ನೀನೇನು ಅಷ್ಟೊಂದು ಕಪ್ಪಿಲ್ಲ ಬಿಡು" ಎಂದೆ. ಹುಡುಗನಿಗೆ ಏನೂ ಹೇಳಲಿಲ್ಲ. ಮರುದಿನದಿಂದ ಅವಳು ಶಾಲೆಗೆ ಬರಲಿಲ್ಲ.

ಎಂಟನೇ ದಿನ ಅವಳ ತಾಯಿ ಎರೊನಿಲ್ಡೆಸ್ ಬಂದರು. ಚೌಕದಲ್ಲಿ ಅಕರಜೆ ಎಂಬ ಕಾಳಿನ ವಡೆ ಕರಿದು ಮಾರುವ ಬಾಣಲೆ ಬಿಟ್ಟು, ವರ್ಗಾವಣೆ ಅರ್ಜಿ ಹಿಡಿದು ಬಂದಿದ್ದರು. ಮಗಳ ದಾಖಲಾತಿ ಹಾಳೆ ನೋಡಿದವರೇ ಸಿಡಿದರು.

"ಕಂದು ಬಣ್ಣಾನಾ? ಇದ್ಯಾರ ಮಗು ಟೀಚರ್? ನನ್ ಮಗಳಿಗೆ ಸುಣ್ಣ ಬಳೀರಿ ಅಂತ ನಾನ್ ಕೇಳಿದ್ನಾ? 'ಅಮ್ಮಾ, ನಾನು ಇನ್ನೊಂಚೂರು ಕಪ್ಪಗಿದ್ದಿದ್ರೆ ಅವನಂದಿದ್ದು ಸರಿಯಾಗ್ತಿತ್ತಾ?' ಅಂತ ಕೇಳ್ತಾಳೆ. ಏನ್ ಹೇಳ್ಲಿ?"

ಒಂದು ವಾರ ಅವಕಾಶ ಕೊಡಿ ಎಂದು ಬೇಡಿಕೊಂಡೆ. ವರ್ಣಭೇದದ ಬಗ್ಗೆ ಶಿಕ್ಷಕರಿಗೆ ಪ್ರತಿ ವರ್ಷ ತರಬೇತಿ ಇತ್ತು. ಮಕ್ಕಳೆಲ್ಲ ಒಂದೇ ಎನ್ನುವ ನನಗೆ ಅದೇಕೆ ಎಂದು ಎರಡು ವರ್ಷ ತಪ್ಪಿಸಿಕೊಂಡಿದ್ದೆ. ಆ ವಾರ ಮೊದಲ ಬೆಂಚಿನಲ್ಲಿ ಕುಳಿತೆ. ಕಪ್ಪು ಎಂಬುದು ಬೈಗುಳವಲ್ಲ, ನಾನೇ ಅದನ್ನು ಬೈಗುಳ ಮಾಡಿದ್ದೆ ಎಂದು ಅಲ್ಲಿ ತಿಳಿಯಿತು. ನಾಚಿಕೆಯಿಂದ ಕುಗ್ಗಿಹೋದೆ.

ಸೋಮವಾರ ತಾಯಿ ಮಗಳನ್ನು ಕರೆತಂದು ಬಾಗಿಲಲ್ಲೇ ನಿಂತರು. ಇಡೀ ತರಗತಿಯೆದುರು ಆ ಹುಡುಗನಿಗೆ, ನೀನು ಅಂದದ್ದು ತಪ್ಪು, ಇಲ್ಲಿ ಯಾರೂ ಯಾರಿಗೂ ಹಾಗನ್ನಬಾರದು ಎಂದೆ. ಜಾಂಡೀರಾಳ ಕ್ಷಮೆ ಕೇಳಿದೆ. ಆಮೇಲೆ ಎಲ್ಲರ ಕಡೆ ತಿರುಗಿದೆ. "ನಾನೂ ಕಪ್ಪು ಮಕ್ಕಳೇ. ನಮ್ಮಮ್ಮನೂ ಕಪ್ಪು. ಇಷ್ಟು ವರ್ಷ ಮುಚ್ಚಿಟ್ಟಿದ್ದೆ."

ಜಾಂಡೀರಾಳೇ ಮೊದಲು ಬಾಯಿ ಬಿಟ್ಟಳು.

"ಅಯ್ಯೋ ಟೀಚರ್, ಯಾರಿಂದ ಮುಚ್ಚಿಟ್ಟಿದ್ರಿ?"

ತರಗತಿ ಬಿದ್ದು ಬಿದ್ದು ನಕ್ಕಿತು. ಅವಳೂ ನಕ್ಕಳು, ನಾನೂ ನಕ್ಕೆ. ಎರೊನಿಲ್ಡೆಸ್ ಅರ್ಜಿಯನ್ನು ಮಡಚಿ ಚೀಲಕ್ಕೆ ಹಾಕಿಕೊಂಡು ಬಾಣಲೆಯ ಕಡೆ ಹೊರಟರು. ಅಬ್ಬಾ, ಆಗ ಹೊಟ್ಟೆ ತಣ್ಣಗಾಯಿತು.

ನನಗೆ ಪಾಠ ಕಲಿಸಿದ ತಾಯಿಗೂ ಮಗಳಿಗೂ, ಇಷ್ಟು ಹೊತ್ತು ಕಾಫಿ ಆರಲು ಬಿಟ್ಟು ಕೇಳಿದ ನಿಮಗೂ ನನ್ನ ಧನ್ಯವಾದಗಳು. ನಮಸ್ಕಾರ.